ಮಾಟುಂಗಾದ ಭಾನುವಾರದ ಉಪನಿಷತ್ ತರಗತಿ

ಈ ತರಗತಿಗೆ ಖಂಡಿತ ಹೋಗಿ. ಮುಂಬೈನ ಮಾಟುಂಗಾ ಪೂರ್ವದ ಹಳೆಯ ಕಟ್ಟಡವೊಂದರಲ್ಲಿ ಪಾಠ ಕನ್ನಡದಲ್ಲೇ ನಡೆಯುತ್ತದೆ. ಶುಲ್ಕ ಇಲ್ಲ. ಡೊಂಬಿವಲಿಯಿಂದ ನಾನು ಸ್ಲೋ ಲೋಕಲ್‌ನಲ್ಲಿ ಬರುತ್ತೇನೆ.

ಈಗ ಛಾಂದೋಗ್ಯ ಉಪನಿಷತ್ತಿನ 8ನೇ ಅಧ್ಯಾಯ ನಡೆಯುತ್ತಿದೆ. ಆತ್ಮವನ್ನು ತಿಳಿಯಲು ದೇವತೆಗಳ ಕಡೆಯಿಂದ ಇಂದ್ರ, ಅಸುರರ ಕಡೆಯಿಂದ ವಿರೋಚನ, ಇಬ್ಬರೂ ಸೃಷ್ಟಿಕರ್ತ ಪ್ರಜಾಪತಿಯ ಬಳಿ 32 ವರ್ಷ ಇರುತ್ತಾರೆ. ನೀರಿನ ಪಾತ್ರೆಯಲ್ಲಿ ನಿಮ್ಮನ್ನು ನೋಡಿಕೊಳ್ಳಿ ಎನ್ನುತ್ತಾನೆ ಪ್ರಜಾಪತಿ. ವಿರೋಚನ ಅಷ್ಟಕ್ಕೇ ತೃಪ್ತನಾಗಿ, ದೇಹವೇ ಆತ್ಮ ಎಂದು ಅಸುರರಿಗೆ ಹೇಳಿಬಿಡುತ್ತಾನೆ. ಇಂದ್ರನಿಗೆ ದಾರಿಯಲ್ಲೇ ಅನುಮಾನ. ದೇಹವೇ ಆತ್ಮ ಅಂದರೆ, ಮೈ ಕುರುಡಾದರೆ ಆತ್ಮವೂ ಕುರುಡು, ಮೈ ಸತ್ತರೆ ಅದೂ ಸಾಯುತ್ತೆ ಅಲ್ವಾ? ಮತ್ತೆ ಮತ್ತೆ ವಾಪಸ್ ಬರುತ್ತಾನೆ. ಒಟ್ಟು 101 ವರ್ಷ! ಮೊದಲು ಅದೇ ಮಾತು ಇಬ್ಬರ ಕಿವಿಗೂ ಬಿದ್ದಿತ್ತು, ಒಬ್ಬ ಅಷ್ಟಕ್ಕೇ ನಿಂತ, ಇನ್ನೊಬ್ಬ ಮತ್ತೆ ಕೇಳಿದ. ಇದನ್ನು ಮೇಷ್ಟ್ರು ನಿಧಾನವಾಗಿ ಬಿಡಿಸುವಾಗ ನನಗೆ ಮೈ ಜುಮ್ಮೆಂದಿತು.

ಇಲ್ಲಿನ ಚರ್ಚೆಗೆ ಒಂದು ನಿಯಮ ಇದೆ. ಎದುರಿನವರ ಮಾತನ್ನು ಅವರು ಒಪ್ಪುವ ಹಾಗೆ ಹೇಳಿದ ಮೇಲೆಯೇ ನಿಮ್ಮ ಉತ್ತರ. ಹೋದ ವಾರ ಜೀವ, ದೇವರು ಬೇರೆ ಬೇರೆ ಎನ್ನುವ ಮಾಧ್ವ ಅಜ್ಜಿಯೊಬ್ಬರ ವಾದವನ್ನು, ಎರಡೂ ಒಂದೇ ಎನ್ನುವ ಅದ್ವೈತ ಓದಿಕೊಂಡ ಹುಡುಗ ಹೇಳಲು ಹೊರಟ. ‘ಹಾಗಲ್ಲ ಮಗಾ, ನಾನು ಹೇಳಿದ್ದು ಬೇರೆ’ ಎಂದರು ಅಜ್ಜಿ. ಮತ್ತೆ ಹೇಳಿದ, ಮತ್ತೆ ಅದೇ ಉತ್ತರ. ಅವನು ಪೆನ್ನು ಕೆಳಗಿಟ್ಟು, ‘ಅಜ್ಜಿ, ಇನ್ನೊಂದ್ಸಲ ಹೇಳಿ’ ಎಂದು ಕೇಳಿದ. ಇಂಥದ್ದು ಬೇರೆ ಪ್ರವಚನಗಳಲ್ಲಿ ನಾನು ಕಂಡಿಲ್ಲ. ಅಲ್ಲಿ ಎಲ್ಲರೂ ಉತ್ತರ ಸಿದ್ಧ ಮಾಡಿಕೊಂಡೇ ಕೂತಿರುತ್ತಾರೆ.

ಮೈಕ್ ಮಾತ್ರ ಸರಿಯಿಲ್ಲ, ಹಿಂದಿನ ಸಾಲಿಗೆ ಅರ್ಧ ಮಾತು ಕೇಳಿಸುವುದಿಲ್ಲ. ವಯಸ್ಸಾದವರಿಗೆ ಕುರ್ಚಿಯೂ ಜಾಸ್ತಿ ಬೇಕು. ಸ್ವಲ್ಪ ಬೇಗ ಹೋಗಿ ಮುಂದೆ ಕೂತುಕೊಳ್ಳಿ.