ತರಗತಿಯಲ್ಲಿ ಆಡಾಸಿಟಿ: ಎರಡು ವರ್ಷ ಬಳಸಿದ ಶಿಕ್ಷಕಿಯೊಬ್ಬಳ ವಿಮರ್ಶೆ

ತರಗತಿಯಲ್ಲಿ ಪಾಡ್‌ಕಾಸ್ಟ್ ಮಾಡಬೇಕೆಂದು ಹೊರಟ ಶಿಕ್ಷಕರ ಮುಂದೆ ಮೊದಲು ಬಂದು ನಿಲ್ಲುವುದು ಸಲಕರಣೆಗಳ ಪಟ್ಟಿ: ಒಳ್ಳೆಯ ಮೈಕ್, ಅದಕ್ಕೊಂದು ಸ್ಟ್ಯಾಂಡ್, ಹೆಡ್‌ಫೋನ್, ಸದ್ದಿಲ್ಲದ ಕೋಣೆ, ತಿಂಗಳು ತಿಂಗಳು ಚಂದಾ ಕೇಳುವ ಯಾವುದಾದರೊಂದು ತಂತ್ರಾಂಶ. ನಾನು ಎರಡು ಶೈಕ್ಷಣಿಕ ವರ್ಷಗಳಿಂದ ಎಂಟನೆಯ ತರಗತಿಯ ಮಕ್ಕಳೊಂದಿಗೆ ಭಾಷಾ ಪಾಠದ ಭಾಗವಾಗಿ ಚಿಕ್ಕ ಚಿಕ್ಕ ಧ್ವನಿ ಕಾರ್ಯಕ್ರಮಗಳನ್ನು ತಯಾರಿಸುತ್ತಿದ್ದೇನೆ. ಇದಕ್ಕೆ ನಾವು ಬಳಸಿದ್ದು ಒಂದು ಹಳೆಯ ಲ್ಯಾಪ್‌ಟಾಪ್, ಒಂದು ಮೊಬೈಲ್, ಅಂಗಿಗೆ ಸಿಕ್ಕಿಸುವ ಒಂದು ಕಾಲರ್ ಮೈಕ್ ಮತ್ತು ಧ್ವನಿ ಮುದ್ರಿಸಿ ಸಂಕಲಿಸುವ ಆಡಾಸಿಟಿ ಎಂಬ ಉಚಿತ ತಂತ್ರಾಂಶ. ಈ ನಾಲ್ಕರಲ್ಲಿ ನನ್ನ ಪಾಠದ ರೀತಿಯನ್ನು ಬದಲಿಸಿದ್ದು ಆಡಾಸಿಟಿ. ಆದ್ದರಿಂದ ಈ ವಿಮರ್ಶೆಯ ಹೆಚ್ಚಿನ ಭಾಗ ಅದನ್ನು ಕುರಿತೇ ಇದೆ.

ಆಡಾಸಿಟಿಯ ಕೆಲಸ ಆರಂಭವಾದದ್ದು 1999ರಲ್ಲಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಅವರ ಕೈಯಲ್ಲಿ. 2000ದ ಮೇ ತಿಂಗಳಲ್ಲಿ ಅದು ಸಾರ್ವಜನಿಕರಿಗೆ ದೊರೆಯಿತು. 'ಪಾಡ್‌ಕಾಸ್ಟ್' ಎಂಬ ಪದ ಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡದ್ದು 2004ರಲ್ಲಿ ಎಂಬುದನ್ನು ನೆನೆದರೆ, ಪದ ಹುಟ್ಟುವ ಮೊದಲೇ ಸಲಕರಣೆ ಸಿದ್ಧವಾಗಿತ್ತು ಎನ್ನಬೇಕು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅದು ನಡೆಯುತ್ತದೆ. ಯಾರು ಬೇಕಾದರೂ ಬಳಸಿ ಹಂಚಿಕೊಳ್ಳಲು ಬಿಡುವ ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶವಾದ್ದರಿಂದ ಶಾಲೆಯ ಎಲ್ಲ ಕಂಪ್ಯೂಟರ್‌ಗಳಿಗೂ ನಿರಾತಂಕವಾಗಿ ಹಾಕಬಹುದು, ಆಸಕ್ತಿಯಿರುವ ಮಕ್ಕಳು ಮನೆಯಲ್ಲಿಯೂ ಹಾಕಿಕೊಳ್ಳಬಹುದು. ಧ್ವನಿ ಮುದ್ರಿಸಿ, ಕತ್ತರಿಸಿ, ಜೋಡಿಸಿ, ಕಡತವಾಗಿ ಉಳಿಸಿಕೊಳ್ಳುವಷ್ಟು ಕೆಲಸಕ್ಕೆ ಖಾತೆ ತೆರೆಯಬೇಕಿಲ್ಲ, ಇಂಟರ್ನೆಟ್ ಸಂಪರ್ಕವೂ ಬೇಕಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರಿಗೂ ಇ-ಮೇಲ್ ವಿಳಾಸ, ಪಾಸ್‌ವರ್ಡ್ ಮಾಡಿಸುವ ಕಷ್ಟವನ್ನು ಬಲ್ಲವರಿಗೆ, ತಂತ್ರಾಂಶ ಉಚಿತವಾಗಿದೆ ಎಂಬುದಕ್ಕಿಂತಲೂ ಖಾತೆ ಬೇಡ ಎಂಬುದು ದೊಡ್ಡ ಅನುಕೂಲವಾಗಿ ಕಾಣುತ್ತದೆ.

ಆಡಾಸಿಟಿಯನ್ನು ತೆರೆದು ಕೆಂಪು ಗುಂಡಿ ಒತ್ತಿ ಮಾತಾಡಿದರೆ, ಆಡಿದ ಮಾತು ಪರದೆಯ ಮೇಲೆ ನೀಲಿ ಅಲೆಗಳಾಗಿ ಮೂಡುತ್ತಾ ಹೋಗುತ್ತದೆ. ಗಟ್ಟಿಯಾಗಿ ಆಡಿದರೆ ಅಲೆ ಎತ್ತರ, ಪಿಸುಗುಟ್ಟಿದರೆ ಗಿಡ್ಡ, ಸುಮ್ಮನಾದರೆ ಬರಿಯ ಗೆರೆ. ತನ್ನ ದನಿಯನ್ನು ಹೀಗೆ ಕಣ್ಣಿನಿಂದ ಕಂಡ ಮಗು ಅದರೊಂದಿಗೆ ಕೆಲಸ ಮಾಡಲು ತಾನಾಗಿಯೇ ತೊಡಗುತ್ತದೆ; ನನ್ನ ದೃಷ್ಟಿಯಲ್ಲಿ ಈ ತಂತ್ರಾಂಶದ ನಿಜವಾದ ಬೆಲೆ ಇರುವುದು ಇಲ್ಲಿಯೇ. ಓದುವಾಗ ಸದಾ ತಡವರಿಸುತ್ತಿದ್ದ ಒಬ್ಬ ಹುಡುಗಿ ಎರಡು ನಿಮಿಷದ ತನ್ನ ಪ್ರಬಂಧವನ್ನು ಮುದ್ರಿಸಿಕೊಂಡು, ಅಲೆಗಳ ನಡುವಿನ ಗೆರೆಗಳನ್ನೆಲ್ಲ ಒಂದೊಂದಾಗಿ ಅಳಿಸಿಹಾಕಿದಳು. ಉಸಿರಿನ ಸದ್ದು, ತಡವರಿಕೆ, ವಾಕ್ಯದ ಕೊನೆಯ ನಿಲುಗಡೆ ಎಲ್ಲವೂ ಹೋದವು. ಕೇಳಿ ನೋಡಿದಾಗ ಅವಳೇ ಮುಖ ಸಿಂಡರಿಸಿ, "ಟೀಚರ್, ನಾನು ಯಾರಿಂದಲೋ ಓಡ್ತಾ ಇರೋ ಹಾಗೆ ಕೇಳ್ತಿದೆ" ಎಂದಳು. ಆಮೇಲೆ ಅರ್ಧ ಗಂಟೆ ಕುಳಿತು, ಅಳಿಸಿದ್ದನ್ನು ಮರಳಿ ತರುವ ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒತ್ತುತ್ತಾ, ಯಾವ ಮೌನ ಮರಳಿ ಬೇಕು, ಯಾವುದು ಬೇಡ ಎಂದು ತೀರ್ಮಾನಿಸಿದಳು. ವಾಕ್ಯ ಮುಗಿದಲ್ಲಿ ಇಷ್ಟು, ಹೊಸ ವಿಷಯಕ್ಕೆ ತಿರುಗುವಲ್ಲಿ ಸ್ವಲ್ಪ ಹೆಚ್ಚು, ಅಲ್ಪವಿರಾಮದಲ್ಲಿ ಒಂದು ಚೂರು. ಲೇಖನಚಿಹ್ನೆಗಳ ಬಗ್ಗೆ ನಾನು ವರ್ಷವಿಡೀ ಹೇಳಿದ್ದನ್ನು ಅವಳು ಆ ಅರ್ಧ ಗಂಟೆಯಲ್ಲಿ ಕಿವಿಯಿಂದ ಕಲಿತಳು, ಮುಂದಿನ ಬಾರಿ ಬರೆಯುವಾಗಲೇ ನಿಲುಗಡೆಗಳನ್ನು ಇಟ್ಟುಕೊಂಡು ಬಂದಳು.

ಲೇಬಲ್ ಹಾಕುವ ಸೌಲಭ್ಯವೂ ಇಂಥದ್ದೇ. ಮುದ್ರಿಕೆಯ ಯಾವ ಕ್ಷಣಕ್ಕಾದರೂ ಒಂದು ಟಿಪ್ಪಣಿ ಅಂಟಿಸಬಹುದು. ನಾನು ಕೆಂಪು ಮಸಿಯಲ್ಲಿ ಅಂಚಿನಲ್ಲಿ ಬರೆಯುತ್ತಿದ್ದ ಮಾತುಗಳನ್ನು ಈಗ ಅಲ್ಲಿಯೇ ಬರೆಯುತ್ತೇನೆ. ಮಹಾಪ್ರಾಣ ಅಕ್ಷರ ಎಲ್ಲಿ ಅಲ್ಪಪ್ರಾಣವಾಗಿದೆ ಎಂಬುದನ್ನು ಆ ಜಾಗಕ್ಕೇ ಬೊಟ್ಟುಮಾಡಿ ತೋರಿಸಬಹುದು, ಮಗು ಅಷ್ಟನ್ನೇ ಮತ್ತೆ ಮತ್ತೆ ಕೇಳಬಹುದು.

ಇನ್ನು ಸದ್ದು ತೆಗೆಯುವ ವಿಷಯ. ಫ್ಯಾನಿನ ಗುಂಯ್ ಎನ್ನುವ ನಾದ ಎಲ್ಲ ತರಗತಿಗಳ ಶಾಪ. ಅದಕ್ಕೆ ಆಡಾಸಿಟಿಯಲ್ಲಿ 'ನಾಯ್ಸ್ ರಿಡಕ್ಷನ್' ಎಂಬ ಸಾಧನವಿದೆ ಮತ್ತು ಅದು ಎರಡು ಹಂತಗಳಲ್ಲಿ ಕೆಲಸ ಮಾಡುತ್ತದೆ: ಯಾರೂ ಮಾತಾಡದ ತುಣುಕನ್ನು ಆರಿಸಿ ಇದೇ ಬೇಡದ ಸದ್ದು ಎಂದು ಮೊದಲು ಅದಕ್ಕೆ ತೋರಿಸಬೇಕು, ಬಳಿಕ ಇಡೀ ಮುದ್ರಿಕೆಯನ್ನು ಆರಿಸಿ ಆ ಸದ್ದನ್ನು ಕಳೆಯಲು ಹೇಳಬೇಕು. ಆದ್ದರಿಂದ ಮುದ್ರಣ ಶುರುವಾದ ಮೇಲೆ ಐದು ಸೆಕೆಂಡು ಎಲ್ಲರೂ ಉಸಿರು ಬಿಗಿಹಿಡಿದು ಸುಮ್ಮನಿರುವುದು ನಮ್ಮಲ್ಲಿ ಕಡ್ಡಾಯ. ಒಂದೇ ಸಮನೆ ಬರುವ ಸದ್ದನ್ನು ಅದು ಚೆನ್ನಾಗಿ ತೆಗೆಯುತ್ತದೆ, ಆದರೆ ಬೆಂಚು ಎಳೆದ ಸದ್ದನ್ನಾಗಲಿ ಗೋಡೆಯಿಂದ ಮರಳುವ ಪ್ರತಿಧ್ವನಿಯನ್ನಾಗಲಿ ತೆಗೆಯಲಾರದು. ಪ್ರಮಾಣ ಅತಿಯಾದರೆ ಮಗುವಿನ ದನಿ ನೀರೊಳಗಿನಿಂದ ಬಂದಂತಾಗುತ್ತದೆ. ಪ್ರತಿಧ್ವನಿಗೆ ಮದ್ದು ಇರುವುದು ಕೋಣೆಯಲ್ಲಿ ಮತ್ತು ಮೈಕ್ ಇಡುವ ಜಾಗದಲ್ಲಿ. ಬಯಲಿನಲ್ಲಿ ಮೈಕ್‌ಗೂ ಬಾಯಿಗೂ ಇರುವ ದೂರ ಎರಡರಷ್ಟಾದರೆ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ; ಕೋಣೆಯೊಳಗೆ ದನಿ ಹೀಗೆ ಇಳಿದರೂ ಪ್ರತಿಧ್ವನಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಮೇಜಿನ ಮಧ್ಯೆ ಮೊಬೈಲ್ ಇಟ್ಟು ಆರು ಮಕ್ಕಳನ್ನು ಸುತ್ತ ಕೂರಿಸಿದ ನಮ್ಮ ಮೊದಲ ಮುದ್ರಣ ಬಾವಿಯೊಳಗಿನ ಸಂಭಾಷಣೆಯಂತೆ ಕೇಳಿಸಿದ್ದು ಇದರಿಂದಲೇ. ಮೈಕನ್ನು ಗೇಣುದ್ದಕ್ಕೆ ತಂದು, ಒಬ್ಬೊಬ್ಬರಾಗಿ ಮಾತಾಡಿಸಿ, ಆಮೇಲೆ ಜೋಡಿಸಿದಾಗ ಅರ್ಧಕ್ಕರ್ಧ ಸರಿಹೋಯಿತು.

ಕುಂದುಗಳಿಗೆ ಬರುತ್ತೇನೆ. ಮೊದಲ ಕುಂದು, ಅನೇಕ ಮೊಬೈಲ್‌ಗಳು ಧ್ವನಿಯನ್ನು ಎಂ4ಎ ಮಾದರಿಯಲ್ಲಿ ಉಳಿಸುತ್ತವೆ, ಆದರೆ ವಿಂಡೋಸ್ ಕಂಪ್ಯೂಟರ್‌ನ ಆಡಾಸಿಟಿ ಅದನ್ನು ನೇರವಾಗಿ ತೆರೆಯುವುದಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಭಾಗವನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ತಂತ್ರಜ್ಞರಿಗೆ ಇದು ಐದು ನಿಮಿಷದ ಕೆಲಸ. ಬಿಡುವಿಲ್ಲದ ವೇಳಾಪಟ್ಟಿಯ ನಡುವೆ ಮೊದಲ ಸಲ ಪ್ರಯತ್ನಿಸುವ ಶಿಕ್ಷಕರು ಪರದೆಯ ಮೇಲಿನ ಆ ದೋಷಸೂಚನೆಯನ್ನು ನೋಡಿಯೇ ಕೈಬಿಡುವ ಸಾಧ್ಯತೆ ಇದೆ. ನನ್ನ ಇಬ್ಬರು ಸಹೋದ್ಯೋಗಿಗಳು ಹಾಗೆಯೇ ಕೈಬಿಟ್ಟರು ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ. ಮೊಬೈಲ್‌ನ ರೆಕಾರ್ಡರ್‌ನಲ್ಲಿ ವೇವ್ ಅಥವಾ ಎಂಪಿ3 ಆರಿಸಿಕೊಳ್ಳುವ ಅವಕಾಶವಿದ್ದರೆ ಅದನ್ನೇ ಆರಿಸಿಕೊಂಡು ಈ ತೊಡಕಿನಿಂದ ಪಾರಾಗಬಹುದು.

ಎರಡನೆಯದು, 'ಸೇವ್' ಎಂದರೆ ಇಲ್ಲಿ ಕೇಳಲು ಸಿಗುವ ಕಡತ ಬರುವುದಿಲ್ಲ. ಅದು ಎಯುಪಿ3 ಎಂಬ ಯೋಜನಾ ಕಡತ, ಆಡಾಸಿಟಿಯಲ್ಲಿ ಮಾತ್ರ ತೆರೆಯುವಂಥದ್ದು. ಹತ್ತು ನಿಮಿಷದ ಮಾತಿಗೆ ಅದು ಸುಲಭವಾಗಿ 100 ಎಂಬಿ ದಾಟುತ್ತದೆ. ಪೋಷಕರಿಗೆ ಕಳಿಸಬೇಕಾದದ್ದು 'ಎಕ್ಸ್‌ಪೋರ್ಟ್' ಮಾಡಿದ ಎಂಪಿ3. ಒಂದೇ ಚಾನೆಲ್ಲಿನಲ್ಲಿ, 64 ಕೆಬಿಪಿಎಸ್ ದರದಲ್ಲಿ ತೆಗೆದರೆ ಅದೇ ಹತ್ತು ನಿಮಿಷ 5 ಎಂಬಿಯೊಳಗೆ ಬರುತ್ತದೆ, ಮಾತಿಗೆ ಅಷ್ಟು ಗುಣಮಟ್ಟ ಧಾರಾಳವಾಗಿ ಸಾಕು. 2021ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಗೆ ಮೊದಲು ಯೋಜನೆಯೊಂದು ನೂರಾರು ಚೂರು ಕಡತಗಳ ಫೋಲ್ಡರ್ ಆಗಿರುತ್ತಿತ್ತು, ಪೆನ್‌ಡ್ರೈವ್‌ಗೆ ಅರ್ಧ ಮಾತ್ರ ನಕಲು ಮಾಡಿಕೊಂಡವರು ಧ್ವನಿಯನ್ನೇ ಕಳೆದುಕೊಳ್ಳುತ್ತಿದ್ದರು. ಹಳೆಯ ಆವೃತ್ತಿ ಇಟ್ಟುಕೊಂಡಿರುವ ಶಾಲೆಗಳು ಇದೊಂದು ಕಾರಣಕ್ಕಾದರೂ ಹೊಸದನ್ನು ಹಾಕಿಕೊಳ್ಳಬೇಕು.

ಮಕ್ಕಳೊಂದಿಗೆ ಬಳಸುವವರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. 2021ರ ಏಪ್ರಿಲ್‌ನಲ್ಲಿ ಮ್ಯೂಸ್ ಗ್ರೂಪ್ ಎಂಬ ಸಂಗೀತ ತಂತ್ರಾಂಶ ಸಂಸ್ಥೆ ಆಡಾಸಿಟಿಯನ್ನು ವಹಿಸಿಕೊಂಡಿತು. ಆ ಜುಲೈನಲ್ಲಿ ಪ್ರಕಟವಾದ ಗೌಪ್ಯತಾ ನೀತಿಯಲ್ಲಿ 13 ವರ್ಷಕ್ಕಿಂತ ಕಿರಿಯರು ಇದನ್ನು ಬಳಸಬಾರದೆಂಬ ಅರ್ಥದ ಮಾತು ಇದ್ದದ್ದು ವ್ಯಾಪಕ ಆಕ್ಷೇಪಕ್ಕೆ ಗುರಿಯಾಗಿ, ಸಂಸ್ಥೆ ಆ ನೀತಿಯನ್ನು ತಿದ್ದಿ ಆ ಮಾತನ್ನು ಕೈಬಿಟ್ಟಿತು. ಹೊಸ ಆವೃತ್ತಿ ಬಂದಿದೆಯೇ ಎಂದು ಇಂಟರ್ನೆಟ್ ಮೂಲಕ ತಾನಾಗಿ ನೋಡುವ ಸೌಲಭ್ಯವನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು. ಶಾಲೆಯ ಕಂಪ್ಯೂಟರ್‌ಗಳಲ್ಲಿ ನಾನು ಅದನ್ನು ನಿಲ್ಲಿಸಿಯೇ ಇಟ್ಟಿದ್ದೇನೆ. ತಯಾರಾದ ಕಾರ್ಯಕ್ರಮಗಳನ್ನು ಸಾರ್ವಜನಿಕವಾಗಿ ಹಾಕುವ ಗೋಜಿಗೂ ನಾವು ಹೋಗಿಲ್ಲ. ಕಟ್ಟುನಿಟ್ಟಾಗಿ ಹೇಳುವುದಾದರೆ, ಫೀಡ್ ಎಂಬ ಹೊಸ ಕಂತುಗಳ ಪಟ್ಟಿಯ ಮೂಲಕ ಚಂದಾದಾರರನ್ನು ತಾನಾಗಿ ತಲುಪುವಂಥದ್ದಕ್ಕೆ ಮಾತ್ರ ಪಾಡ್‌ಕಾಸ್ಟ್ ಎಂಬ ಹೆಸರು ಸಲ್ಲುತ್ತದೆ. ಆದರೆ ಮಗುವಿನ ದನಿ ಮತ್ತು ಹೆಸರು ಪೋಷಕರ ಒಪ್ಪಿಗೆಯಿಲ್ಲದೆ ಊರೆಲ್ಲ ಹರಡುವುದಕ್ಕಿಂತ, ತರಗತಿಯೊಳಗೇ ಕೈಯಿಂದ ಕೈಗೆ ಸಾಗುವ ಎಂಪಿ3 ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಲರ್ ಮೈಕ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಗ್ಗದ್ದೇ ಸಾಕು. ಕೊಳ್ಳುವ ಮೊದಲು ಅದರ ಪಿನ್ನನ್ನು ಗಮನಿಸಬೇಕು: ಮೊಬೈಲ್‌ನ ದುಂಡು ಕಿಂಡಿಗೆ ಹೊಂದುವ ಪಿನ್ನಿನ ಮೇಲೆ ಮೂರು ಕಪ್ಪು ಪಟ್ಟಿಗಳಿರುತ್ತವೆ, ಕ್ಯಾಮೆರಾದ್ದರಲ್ಲಿ ಎರಡು. ಕಿಂಡಿಯೇ ಇಲ್ಲದ ಮೊಬೈಲ್‌ಗೆ ಟೈಪ್-ಸಿ ಪಿನ್ನಿನದನ್ನು ಕೇಳಿ ತೆಗೆದುಕೊಳ್ಳಬೇಕು.

ಸಮಯದ ಲೆಕ್ಕವನ್ನು ಮುಚ್ಚಿಡಬಾರದು. ಮೊದಲ ತಿಂಗಳು ಐದು ನಿಮಿಷದ ಕಾರ್ಯಕ್ರಮವೊಂದನ್ನು ಸಂಕಲಿಸಲು ನನಗೆ ಎರಡು ಗಂಟೆ ಹಿಡಿಯುತ್ತಿತ್ತು, ಏಕೆಂದರೆ ಕತ್ತರಿಸುವ ಕೆಲಸವನ್ನೆಲ್ಲ ನಾನೇ ಮನೆಯಲ್ಲಿ ಮಾಡುತ್ತಿದ್ದೆ. ಅದನ್ನು ಮಕ್ಕಳಿಗೇ ಬಿಟ್ಟುಕೊಟ್ಟ ಮೇಲೆ ಕಾರ್ಯಕ್ರಮಗಳ ನಯ ಕಡಿಮೆಯಾಯಿತು, ಕಲಿಕೆ ಹೆಚ್ಚಿತು, ನನ್ನ ಸಂಜೆಗಳೂ ನನಗೆ ಮರಳಿದವು. ಇಬ್ಬರಿಗೊಂದು ಕಂಪ್ಯೂಟರ್ ಆದರೂ ಇರುವ ಶಾಲೆಗೆ, ಅಥವಾ ಒಂದೇ ಲ್ಯಾಪ್‌ಟಾಪನ್ನು ವಾರಕ್ಕೊಂದು ಗುಂಪಿಗೆ ಸರದಿಯಲ್ಲಿ ಕೊಡಲು ತಾಳ್ಮೆಯಿರುವ ಶಿಕ್ಷಕರಿಗೆ, ಆಡಾಸಿಟಿಯನ್ನು ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಕಂಪ್ಯೂಟರ್ ಇಲ್ಲದೆ ಮೊಬೈಲ್ ಮಾತ್ರ ಇದ್ದಲ್ಲಿ ಇದರಿಂದ ಪ್ರಯೋಜನವಿಲ್ಲ, ಮೊಬೈಲ್‌ನಲ್ಲಿ ಇದು ನಡೆಯುವುದಿಲ್ಲ. ಅಂಥಲ್ಲಿ ಮೊಬೈಲ್‌ನ ರೆಕಾರ್ಡರ್ ಸಾಕು: ಮೂರು ನಿಮಿಷದ ಬರಹ, ಎರಡು ಬಾರಿ ತಾಲೀಮು, ಒಂದೇ ಉಸಿರಿನ ಮುದ್ರಣ, ಕತ್ತರಿಯೇ ಬೇಡ.