ಒಂದೇ ಒಂದು ‘ಪಿ’ ಇರುವ ಡಬ್ಬಿ

26 ಅಕ್ಷರಗಳ ಮ್ಯಾಗ್ನೆಟ್ ಡಬ್ಬಿ ತಂದು ಫ್ರಿಜ್ಜಿನ ಬಾಗಿಲ ಮೇಲೆ ಮಗುವಿನಿಂದ ‘ಸ್ಟಾಪ್ಡ್’ ಎಂದು ಜೋಡಿಸಲು ಹೊರಟರೆ ಐದನೆಯ ಅಕ್ಷರಕ್ಕೇ ಗಾಡಿ ನಿಲ್ಲುತ್ತದೆ. ಎಸ್-ಟಿ-ಒ-ಪಿ ಆಯಿತು, ಇನ್ನೊಂದು ಪಿ ಬೇಕು. ಡಬ್ಬಿಯಲ್ಲಿರುವುದು ಒಂದೇ. ಜಾಣ ಮಗುವಾದರೆ ಡಿ ಅಕ್ಷರವನ್ನು ತಲೆಕೆಳಗು ಮಾಡಿ ಪಿ ಎಂದು ಇಟ್ಟೀತು. ಆಗ ಕೊನೆಗೆ ಡಿ ಇರುವುದಿಲ್ಲ.

ಶಿರಸಿಯ ಸಿ.ಪಿ. ಬಜಾರಿನಿಂದ ಕಾರವಾರದ ಗ್ರೀನ್ ಸ್ಟ್ರೀಟಿನವರೆಗೆ ಸ್ಟೇಷನರಿ ಅಂಗಡಿಗಳಲ್ಲಿ, ಜಾತ್ರೆಯ ಆಟಿಕೆ ಸಾಲುಗಳಲ್ಲಿ, ಇಂಗ್ಲಿಷ್ ಸ್ಪೆಲ್ಲಿಂಗ್ ಕಲಿಸಲೆಂದು ಮುಖ್ಯವಾಗಿ ಮೂರು ಸಾಮಾನು ಸಿಗುತ್ತವೆ: ಮ್ಯಾಗ್ನೆಟ್ ಅಕ್ಷರದ ಡಬ್ಬಿ, ಗೋಡೆಗೆ ತೂಗುಹಾಕುವ ಕ್ರಿಯಾಪದದ ಚಾರ್ಟು, ಬಿಟ್ಟ ಸ್ಥಳ ತುಂಬುವ ವರ್ಕ್‌ಬುಕ್ಕು. ಎರಡರಿಂದ ಐದನೆಯ ತರಗತಿಯ ಮಕ್ಕಳಿಗೆ ಕ್ರಿಯಾಪದದ ಬಾಲ, ಅಂದರೆ ಐಎನ್‌ಜಿ, ಇಡಿ, ಎಸ್, ಇಎಸ್ ತಪ್ಪಿಲ್ಲದೆ ಬರೆಯಲು ಕಲಿಸುವುದಕ್ಕೆ ಇವು ಎಷ್ಟರಮಟ್ಟಿಗೆ ಒದಗುತ್ತವೆ ಎಂಬುದಷ್ಟೇ ಇಲ್ಲಿನ ವಿಷಯ.

ಚಾರ್ಟಿನದು ಎರಡು ಮಾತಿನಲ್ಲಿ ಮುಗಿಯುತ್ತದೆ. ವಿ-1, ವಿ-2, ವಿ-3 ಎಂದು ಮೂರು ಕಂಬಸಾಲು, ಎಬಿಸಿಡಿ ಕ್ರಮ. ಗೋ-ವೆಂಟ್-ಗಾನ್, ಈಟ್-ಏಟ್-ಈಟನ್ ತರಹದ, ನಿಯಮಕ್ಕೆ ಸಿಗದ ಪದಗಳನ್ನು ಬಾಯಿಪಾಠ ಮಾಡಲು ಅಡ್ಡಿಯಿಲ್ಲ. ಆದರೆ ಹಾಪ್ ಮತ್ತು ಹೋಪ್ ಅಕ್ಕಪಕ್ಕ ಇದ್ದರೂ ಒಂದಕ್ಕೆ ಎರಡು ಪಿ, ಇನ್ನೊಂದಕ್ಕೆ ಒಂದೇ ಏಕೆ ಎಂದು ಚಾರ್ಟು ಹೇಳುವುದಿಲ್ಲ. ಐಎನ್‌ಜಿ ರೂಪವಂತೂ ಹೆಚ್ಚಿನವುಗಳಲ್ಲಿ ಇರುವುದೇ ಇಲ್ಲ.

ವರ್ಕ್‌ಬುಕ್ಕಿನ ತೊಂದರೆ ಬೇರೆ. ಪುಟದ ತಲೆಯ ಮೇಲೇ ‘ಕೊನೆಯ ಅಕ್ಷರ ಇಮ್ಮಡಿಸಿ’ ಎಂದು ಅಚ್ಚಾಗಿರುತ್ತದೆ, ಕೆಳಗಿನ ಹತ್ತೂ ಪದಗಳು ಇಮ್ಮಡಿಸುವಂಥವೇ. ಮಗು ಪದ ನೋಡುವುದೇ ಇಲ್ಲ, ಹತ್ತಕ್ಕೆ ಹತ್ತು ಅಂಕ ಬರುತ್ತದೆ. ಮರುವಾರ ಹೆಲ್ಪಿಂಗ್‌ಗೆ ಎರಡು ಪಿ, ಈಟಿಂಗ್‌ಗೆ ಎರಡು ಟಿ. ವರ್ಕ್‌ಬುಕ್ಕು ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಡಿ. ಒಂದು ಪುಟದಿಂದ ಎರಡೇ ಪದ ಆರಿಸಿ, ಮೂರ್ನಾಲ್ಕು ಪುಟಗಳನ್ನು ಬೆರೆಸಿ ಉಕ್ತಲೇಖನ ಕೊಡಿ.

ಡಬ್ಬಿಗೆ ಬರೋಣ. ಅದರ ಬಗ್ಗೆ ಹೇಳುವುದಿದೆ, ಏಕೆಂದರೆ ಮೂರರಲ್ಲಿ ಕೊಳ್ಳಬೇಕಾದದ್ದು ಅದೊಂದೇ, ಅಂಗಡಿಯಿಂದ ತಂದ ಹಾಗೇ ಬಳಸಿದರೆ ಅರ್ಧ ದುಡ್ಡು ದಂಡ.

ಕನ್ನಡದ ಸಂಧಿ ಓದಿದವರಿಗೆ ಇಂಗ್ಲಿಷ್ ಕ್ರಿಯಾಪದದ ಬಾಲ ಹೊಸದೇನಲ್ಲ. ‘ಊರು’ಗೆ ‘ಊರು’ ಸೇರಿ ‘ಊರೂರು’ ಆಗುವಾಗ ಒಂದು ಸ್ವರ ಬಿದ್ದುಹೋಗುತ್ತದೆ. ಮೇಕ್ ಪದಕ್ಕೆ ಐಎನ್‌ಜಿ ಸೇರುವಾಗ ಕೊನೆಯ ಇ ಬಿದ್ದುಹೋಗುತ್ತದೆ. ಅದು ಲೋಪ. ‘ಮನೆ’ಗೆ ‘ಅನ್ನು’ ಸೇರುವಾಗ ಇಲ್ಲದ ಯಕಾರ ಬರುತ್ತದೆ. ರನ್ ಪದಕ್ಕೆ ಐಎನ್‌ಜಿ ಸೇರುವಾಗ ಇಲ್ಲದ ಇನ್ನೊಂದು ಎನ್ ಬರುತ್ತದೆ. ಅದು ಆಗಮ. ‘ಮಳೆ’ಗೆ ‘ಕಾಲ’ ಸೇರಿದಾಗ ಕ ಹೋಗಿ ಗ ಬರುವಂತೆ, ಕ್ರೈ ಪದಕ್ಕೆ ಇಡಿ ಸೇರುವಾಗ ವೈ ಹೋಗಿ ಐ ಬರುತ್ತದೆ. ಅದು ಆದೇಶ. ಎರಡನೆಯ ತರಗತಿಯ ಮಗುವಿಗೆ ಈ ಹೆಸರುಗಳು ಬೇಡ. ಕಲಿಸುವವರ ತಲೆಯಲ್ಲಿ ಮಾತ್ರ ಇರಲಿ: ತೆಗೆ, ಸೇರಿಸು, ಬದಲಿಸು. ಮ್ಯಾಗ್ನೆಟ್ ಅಕ್ಷರದ ಲಾಭ ಇಲ್ಲಿಯೇ. ಕಾಪಿಯಲ್ಲಿ ಇ ಅಳಿಸಿದರೆ ಅದು ತಪ್ಪು ತಿದ್ದಿದಂತೆ ಕಾಣುತ್ತದೆ. ಬೋರ್ಡಿನಿಂದ ಇ ಕಿತ್ತು ಡಬ್ಬಿಯ ಮುಚ್ಚಳದಲ್ಲಿ ಇಟ್ಟರೆ ಅದು ಕೆಲಸ.

ಆದರೆ ಆಗಮದ ಪಾಠಕ್ಕೆ ಒಂದೊಂದೇ ಅಕ್ಷರ ಇರುವ ಡಬ್ಬಿ ಸಾಲದು. ಎರಡು ಡಬ್ಬಿ ತಂದರೂ ರನ್ನಿಂಗ್‌ಗೆ ಎನ್ ಮೂರು ಬೇಕು, ಹಗ್ಗಿಂಗ್‌ಗೆ ಜಿ ಮೂರು, ನೀಡೆಡ್‌ಗೆ ಇ ಮೂರು, ಆ್ಯಡೆಡ್‌ಗೆ ಡಿ ಮೂರು. ಮೂರನೆಯ ಡಬ್ಬಿಗೆ ಹೋಗಬೇಡಿ. ಐಎನ್‌ಜಿ, ಇಡಿ, ಎಸ್, ಇಎಸ್ ಎಂಬ ನಾಲ್ಕು ಬಾಲಗಳನ್ನು ದಪ್ಪ ರಟ್ಟಿನ ನಾಲ್ಕು ತುಂಡಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದು, ಹಿಂದೆ ಮ್ಯಾಗ್ನೆಟ್ ಪಟ್ಟಿ ಅಂಟಿಸಿ. ಆಗ ರನ್ನಿಂಗ್ ಎಂದರೆ ಆರ್-ಯು-ಎನ್-ಎನ್ ಮತ್ತು ಒಂದು ಕೆಂಪು ತುಂಡು. ಮಕ್ಕಳು ಬಳಸುವ ಹೆಚ್ಚಿನ ಕ್ರಿಯಾಪದಗಳಿಗೆ ಎರಡು ಡಬ್ಬಿ, ನಾಲ್ಕು ತುಂಡು ಸಾಕು. ಬಾಲ ಒಡೆಯುವುದಿಲ್ಲ, ಬದಲಾಗುವುದೆಲ್ಲ ಅದರ ಎಡಗಡೆಯಲ್ಲೇ ಎಂಬುದೂ ಕಣ್ಣಿಗೆ ಕಾಣುತ್ತದೆ.

ಬಾಲಗಳ ಕ್ರಮದಲ್ಲಿ ಐಎನ್‌ಜಿ ಮೊದಲು. ಅದರ ಉಚ್ಚಾರ ಎಲ್ಲೂ ಬದಲಾಗುವುದಿಲ್ಲ. ಜಂಪ್, ಹೆಲ್ಪ್, ವಾಕ್, ಈಟ್, ರೀಡ್, ಪ್ಲೇ ಈ ಆರಕ್ಕೆ ಸುಮ್ಮನೆ ಅಂಟಿಸುವುದು ಮೊದಲ ವಾರದ ಕೆಲಸ, ದಿನಕ್ಕೆ ಹತ್ತು ನಿಮಿಷ. ಆಮೇಲೆ ಇ ಬೀಳುವ ಪದಗಳು: ಮೇಕ್, ಡ್ಯಾನ್ಸ್, ರೈಡ್, ಕಮ್. ಇಮ್ಮಡಿ ಅದರ ನಂತರ, ಹಳೆಯ ಹತ್ತು ಪದಗಳ ಜೊತೆ ಬೆರೆಸಿಯೇ. ಬೇರೆಯಾಗಿ ಒಂದು ವಾರ ಇಮ್ಮಡಿಯೊಂದನ್ನೇ ಕಲಿಸಿದರೆ ವರ್ಕ್‌ಬುಕ್ಕಿನ ರೋಗವೇ ಅಂಟುತ್ತದೆ.

ಇಮ್ಮಡಿಗೆ ಮಗು ಬೋರ್ಡಿನ ಮೇಲೆ ಬೆರಳಿಟ್ಟು ನೋಡಬೇಕಾದದ್ದು ಪದದ ಕೊನೆಯ ಎರಡು ಅಕ್ಷರ ಮತ್ತು ಅವುಗಳ ಹಿಂದಿನದು. ಒಂದೇ ಉಸಿರಿನ, ಅಂದರೆ ಒಂದೇ ಸಿಲಬಲ್‌ನ ಪದ, ಒಂದೇ ಸ್ವರಾಕ್ಷರ, ಅದರ ನಂತರ ಒಂದೇ ವ್ಯಂಜನ: ಸಿಟ್, ಹಾಪ್, ಸ್ವಿಮ್. ಹೆಲ್ಪ್‌ನಲ್ಲಿ ಕೊನೆಗೆ ಎರಡು ವ್ಯಂಜನ, ಆದ್ದರಿಂದ ಇಲ್ಲ. ಈಟ್‌ನಲ್ಲಿ ಎರಡು ಸ್ವರಾಕ್ಷರ, ಇಲ್ಲ. ಡಬ್ಲ್ಯೂ, ಎಕ್ಸ್, ವೈ ಎಂದೂ ಇಮ್ಮಡಿಸವು: ಫಿಕ್ಸಿಂಗ್, ಪ್ಲೇಯಿಂಗ್. ಬಿಗಿನ್, ಓಪನ್‌ನಂಥ ಎರಡು ಉಸಿರಿನ ಪದಗಳಿಗೆ ಒತ್ತು ಎಲ್ಲಿ ಬೀಳುತ್ತದೆ ಎಂದು ನೋಡಬೇಕು. ಆ ಲೆಕ್ಕ ಐದನೆಯ ತರಗತಿಯ ಮೇಲೆ ಇರಲಿ.

ಕನ್ನಡದ ಮಗುವಿಗೆ ಇಲ್ಲೊಂದು ಮುಳ್ಳು. ಕತೆ ಬೇರೆ, ಕತ್ತೆ ಬೇರೆ. ಒತ್ತಕ್ಷರ ಇದ್ದರೆ ಅದನ್ನು ಒತ್ತಿಯೇ ನುಡಿಯುತ್ತೇವೆ. ಇಂಗ್ಲಿಷಿನ ಎರಡು ಪಿ ಒತ್ತಲು ಬಂದದ್ದಲ್ಲ, ಹಿಂದಿನ ಸ್ವರ ಬದಲಾಗದಂತೆ ಕಾವಲು ಕಾಯಲು ಬಂದದ್ದು. ಒಂದು ಪಿ ತೆಗೆದರೆ ಹಾಪಿಂಗ್ ಹೋಪಿಂಗ್ ಆಗುತ್ತದೆ, ಟ್ಯಾಪಿಂಗ್ ಟೇಪಿಂಗ್ ಆಗುತ್ತದೆ. ಈ ಎರಡು ಜೋಡಿಗಳನ್ನು ಬೋರ್ಡಿನ ಮೇಲೆ ಒಂದು ಪಿ ಇಟ್ಟು, ತೆಗೆದು, ಪ್ರತಿ ಸಲವೂ ಓದಿಸಿ. ನಮ್ಮ ಊರಿನ ಬೋರ್ಡುಗಳೂ ಇದಕ್ಕೆ ಸಹಾಯ ಮಾಡುವುದಿಲ್ಲ: ಕನ್ನಡದಲ್ಲಿ ‘ರನ್ನಿಂಗ್’ ಎಂದು ಒತ್ತು ಕೊಡುತ್ತೇವೆ, ‘ಶಾಪಿಂಗ್’ಗೆ ಕೊಡುವುದಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಇಮ್ಮಡಿಯೇ.

ಬೇರೂರಿದ ತಪ್ಪುಗಳು ಎರಡು. ಕಮಿಂಗ್‌ಗೆ ಎರಡು ಎಂ ಹಾಕುವುದು: ಕಿವಿಗೆ ರನ್ನಿಂಗ್‌ನ ಹಾಗೇ ಕೇಳುತ್ತದೆ, ಆದರೆ ಮೂಲ ಪದದ ಕೊನೆಗೆ ಇ ಇದೆ, ಇಲ್ಲಿ ತೆಗೆಯಬೇಕು, ಸೇರಿಸಬಾರದು. ರೈಟಿಂಗ್‌ಗೆ ಎರಡು ಟಿ ಹಾಕುವುದು: ರಿಟನ್‌ನ ಎರಡು ಟಿ ಇಲ್ಲಿಗೆ ನುಸುಳಿದ್ದು. ಎರಡಕ್ಕೂ ಮದ್ದು ಒಂದೇ, ಮೊದಲು ಮೂಲ ಪದವನ್ನು ಪೂರ್ತಿ ಜೋಡಿಸದೆ ಕೆಂಪು ತುಂಡು ಮುಟ್ಟಬಾರದು.

ಇಡಿ ಹೆಚ್ಚು ಕಾಟ ಕೊಡುವುದು, ಏಕೆಂದರೆ ಒಂದೇ ಬರಹಕ್ಕೆ ಮೂರು ಉಚ್ಚಾರ. ಕ, ಚ, ಪ, ಸ, ಶ, ಫ ಧ್ವನಿಯ ನಂತರ ಅದು ‘ಟ್’: ಲುಕ್ಟ್, ಜಂಪ್ಟ್, ವಾಷ್ಟ್. ಟ, ಡ ನಂತರ ‘ಇಡ್’: ವಾಂಟಿಡ್, ನೀಡಿಡ್. ಉಳಿದ ಕಡೆ ‘ಡ್’: ಕಾಲ್ಡ್, ಪ್ಲೇಡ್. ನುಡಿದಂತೆ ಬರೆಯುವ ಮಗು ಜೆ-ಯು-ಎಂ-ಪಿ-ಟಿ ಎಂದು ಬರೆದರೆ ಅದರ ಕಿವಿ ಚುರುಕಾಗಿದೆ ಎಂದೇ ಅರ್ಥ. ‘ಜಂಪೆಡ್’, ‘ಲುಕೆಡ್’ ಎಂದು ಓದಿಸುವ ಹಳೆಯ ರೂಢಿಯಲ್ಲಿ ಬರಹ ಸರಿ ಬರುತ್ತದೆ, ಮಾತು ಕೆಡುತ್ತದೆ. ಆಟದಂತೆ ಎರಡನ್ನೂ ಇಟ್ಟುಕೊಳ್ಳಬಹುದು: ಕೆಂಪು ತುಂಡು ಅಂಟಿಸುವಾಗ ‘ಇ-ಡಿ’ ಎಂದು ಅಕ್ಷರ ಹೇಳಲಿ, ಪದ ಓದುವಾಗ ‘ಜಂಪ್ಟ್’ ಎನ್ನಲಿ. ಕೊನೆಗೆ ಉಕಾರ ಸೇರಿಸಿ ‘ಜಂಪ್ಟು’ ಎಂದರೆ ಆಗಲೇ ತಿದ್ದಿ.

ವೈ ಬದಲಾಗುವ ಪಾಠ ಕೊನೆಗೆ. ವೈ ಹಿಂದೆ ವ್ಯಂಜನ ಇದ್ದರೆ ಮಾತ್ರ ಐ: ಕ್ರೈಡ್, ಕ್ಯಾರೀಡ್. ಸ್ವರಾಕ್ಷರ ಇದ್ದರೆ ಇಲ್ಲ: ಪ್ಲೇಡ್. ಸೆಡ್, ಪೇಡ್, ಲೇಡ್ ಈ ಮೂರು ಹೊರಗೆ. ಐಎನ್‌ಜಿ ಬಂದರೆ ವೈ ಅಲ್ಲಾಡುವುದಿಲ್ಲ, ಎರಡು ಐ ಪಕ್ಕದಲ್ಲಿ ಕೂರಬಾರದು ಎಂದರೆ ಮಕ್ಕಳಿಗೆ ತಟ್ಟನೆ ನೆನಪಿರುತ್ತದೆ.

ಬೋರ್ಡಿನ ಕೆಲಸ ಮುಗಿದ ಕೂಡಲೇ ಅಕ್ಷರ ಕೆಡಿಸಿ, ಅದೇ ದಿನದ ಮೂರು ಪದ ನಾಲ್ಕು ಗೆರೆಯ ಕಾಪಿಯಲ್ಲಿ ನೋಡದೆ ಬರೆಯಬೇಕು. ಇಲ್ಲದಿದ್ದರೆ ವಿದ್ಯೆ ಫ್ರಿಜ್ಜಿನ ಮೇಲೇ ಉಳಿಯುತ್ತದೆ.

ಕೊಳ್ಳುವಾಗ ದೊಡ್ಡಕ್ಷರದ ಡಬ್ಬಿ ಬೇಡ, ಮಗು ಬರೆಯುವುದು ಸಣ್ಣಕ್ಷರದಲ್ಲಿ. ಪ್ಲಾಸ್ಟಿಕ್ ಅಕ್ಷರದ ಬೆನ್ನಿಗೆ ಗುಂಡಿಯಂತೆ ಕೂರಿಸಿದ ಪುಟ್ಟ ಮ್ಯಾಗ್ನೆಟ್ ಇದ್ದರೆ ಉಗುರಿನಿಂದ ಎಬ್ಬಿಸಿ ನೋಡಿ. ಅಲ್ಲಾಡಿದರೆ ಅಲ್ಲೇ ಬಿಡಿ. ಮನೆಯಲ್ಲಿ ಚಿಕ್ಕ ಮಗುವಿದ್ದು ಎರಡು ಮ್ಯಾಗ್ನೆಟ್ ನುಂಗಿದರೆ ಕರುಳಿನ ಮಡಿಕೆಗಳು ನಡುವೆ ಸಿಕ್ಕಿಕೊಂಡು ಆಪರೇಷನ್‌ವರೆಗೆ ಹೋಗಬಹುದು. ಬೆನ್ನು ಪೂರ್ತಿ ಮ್ಯಾಗ್ನೆಟ್ ಹಾಳೆ ಇರುವ ಫೋಮ್ ಅಕ್ಷರ ವಾಸಿ, ಕಚ್ಚಿ ಹಾಳುಮಾಡುವ ಮಕ್ಕಳನ್ನು ಬಿಟ್ಟು. ಡಬ್ಬಿಯ ಜೊತೆ ಬರುವ ತೆಳು ತಗಡಿನ ಬೋರ್ಡು ಕರಾವಳಿಯ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಅಂಚಿನಿಂದ ತುಕ್ಕು ಹಿಡಿಯುತ್ತದೆ. ಬಣ್ಣ ಹಚ್ಚಿದ ಕಬ್ಬಿಣದ ಕಪಾಟಿನ ಬಾಗಿಲು ಅದಕ್ಕಿಂತ ಒಳ್ಳೆಯ ಬೋರ್ಡು. ಸ್ಟೀಲ್ ಹರಿವಾಣಗಳಲ್ಲಿ ಕೆಲವಕ್ಕೆ ಮ್ಯಾಗ್ನೆಟ್ ಅಂಟುತ್ತದೆ, ಕೆಲವಕ್ಕಿಲ್ಲ. ರಟ್ಟಿನ ಬಾಲಗಳಿಗೆ ಎರಡೂ ಕಡೆ ಅಗಲದ ಸೆಲ್ಲೋಟೇಪು ಸುತ್ತಿ, ಇಲ್ಲದಿದ್ದರೆ ಆಷಾಢದ ಹೊತ್ತಿಗೆ ಬೂಸ್ಟು ಬರುತ್ತದೆ.

ಇನ್ನೊಂದು, ಮನೆಗೆ ತಂದ ದಿನವೇ ಎನ್ ಮತ್ತು ಯು, ಡಿ ಮತ್ತು ಪಿ, ಬಿ ಮತ್ತು ಕ್ಯೂ ಅಕ್ಷರಗಳ ಕೆಳಗೆ ಪರ್ಮನೆಂಟ್ ಮಾರ್ಕರಿನಿಂದ ಗೆರೆ ಎಳೆಯಿರಿ. ಗೆರೆ ನೆಲದ ಕಡೆಗಿದ್ದರೆ ಅಕ್ಷರ ನೇರವಾಗಿದೆ.