ಅಲಾಯ್ ಹಾಕಿಸಿ ಎರಡು ವರ್ಷ: ಚಂದ ಇದೆ, ಗುಂಯ್ ಸದ್ದೂ ಬಂತು

ಎರಡು ವರ್ಷದ ಹಿಂದೆ ಕಾರಿಗೆ ಅಲಾಯ್ ವೀಲ್ ಹಾಕಿಸಿದೆ. ಡಿಸೈನು, ಬಣ್ಣ ಎಲ್ಲ ನೀವೇ ಫೋಟೋದಲ್ಲಿ ನೋಡಿರ್ತೀರಿ, ಬಿಡಿ. ನಾನು ಹೇಳಬೇಕಿರುವುದು ರಿಮ್ಮಿನ ಒಳಗಡೆ ಕೆತ್ತಿರುವ ಒಂದು ಪುಟ್ಟ ನಂಬರಿನ ಬಗ್ಗೆ.

ಮೊದಲು ಖುಷಿ. ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ, ಬಕೆಟ್ಟು, ಹಳೆ ಟೂತ್ ಬ್ರಷ್ಷು ಹಿಡಿದು ಅಂಗಳಕ್ಕೆ ಇಳಿಯುತ್ತೇನೆ. ತೋಟದ ದಾರಿಯ ಕೆಂಪು ಮಣ್ಣು ಸಂದಿಯಲ್ಲಿ ಒಣಗಿ ಹಪ್ಪಳದ ಹಾಗೆ ಎದ್ದಿರುತ್ತದೆ. ಕೆರೆದು, ತೊಳೆದು, ಒರೆಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದರೆ ಕಾರು ಕಾಲು ಅಗಲಿಸಿ ನಿಂತ ಪೈಲ್ವಾನನ ಹಾಗೆ ಕಾಣುತ್ತದೆ. "ಮಗೂಗೆ ಸ್ನಾನ ಮಾಡಿಸೋಕೆ ಇಷ್ಟು ಹೊತ್ತು ಕೊಟ್ಟಿಲ್ಲ ನೀವು" ಎನ್ನುತ್ತಾಳೆ ಹೆಂಡತಿ. ನಿಜವೇ.

ಆ ಅಗಲವೇ ಎಡವಟ್ಟಾಗಿದ್ದು. ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ (ಚಕ್ರ ಬೋಲ್ಟ್ ಹಾಕಿ ಕೂರಿಸುವ ನಡುಭಾಗ) ಕೂರುವ ಮುಖದವರೆಗಿನ ದೂರಕ್ಕೆ ಆಫ್‌ಸೆಟ್ ಅಂತಾರೆ. ನಾನು ಹೇಳಿದ ಪುಟ್ಟ ನಂಬರು ಅದೇ, ಮುಂದೆ ಇಟಿ ಅಂತ ಬರೆದು ಮಿ.ಮೀ. ಲೆಕ್ಕದಲ್ಲಿ ಕೆತ್ತಿರುತ್ತಾರೆ. ಕಂಪನಿ ರಿಮ್ಮಿನಲ್ಲಿ ಇಟಿ 45 ಎಂದಿತ್ತು, ನನ್ನ ಅಲಾಯ್‌ನಲ್ಲಿ ಇಟಿ 35. ಅಂದರೆ ಚಕ್ರ 10 ಮಿ.ಮೀ. ಹೊರಗೆ. ರಿಮ್ಮೂ ಒಂದು ಇಂಚು ಜಾಸ್ತಿ ಅಗಲ, ಹಾಗಾಗಿ ಹೊರ ಅಂಚು ಸುಮಾರು 23 ಮಿ.ಮೀ. ಆಚೆ ಬಂತು. "ಸ್ಟೈಲ್ ಬರುತ್ತೆ ಸಾರ್" ಅಂದಿದ್ದರು ಅಂಗಡಿಯವರು. ಬಂತು. ಮೊದಲ ಮಳೆಗೇ ಬಾಗಿಲ ತುಂಬ ಕೆಸರೂ ಬಂತು. ಹೊಂಡಕ್ಕೆ ಬಿದ್ದರೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವುದೂ ಶುರುವಾಯಿತು.

14 ತಿಂಗಳಿಗೆ ಗುಂಯ್ ಎನ್ನುವ ಸದ್ದು. ವಾರಕ್ಕೆ ಮೂರು ಸಲ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವವನು ನಾನು. ಟೈರಿನದ್ದೇ ಇರಬೇಕು ಅಂತ ಹಿಂದಿನದು ಮುಂದೆ ಹಾಕಿಸಿದೆ, ಹೋಗಲಿಲ್ಲ. ಮಂಡಗದ್ದೆ ತಿರುವುಗಳಲ್ಲಿ ಗೊತ್ತಾಯ್ತು. ಬಲಕ್ಕೆ ತಿರುಗಿಸಿದರೆ ಜೋರು, ಎಡಕ್ಕೆ ಮೆತ್ತಗೆ. ಬಲಕ್ಕೆ ತಿರುಗುವಾಗ ಭಾರ ಎಡಕ್ಕೆ ವಾಲುತ್ತದಲ್ವಾ, ಹಾಗಾಗಿ ಸದ್ದು ಎಡ ಚಕ್ರದ ಬೇರಿಂಗಿನದ್ದು, ಅಂದರೆ ಹಬ್ಬು ಸಲೀಸಾಗಿ ತಿರುಗಲು ಇರುವ ಗುಂಡುಗಳ ಬಳೆಯದ್ದು.

ಗ್ಯಾರೇಜಿನಲ್ಲಿ ಜಾಕಿ ಏರಿಸಿ ಚಕ್ರ ತಿರುಗಿಸಿದರು, ನನ್ನ ಕೈಯನ್ನು ಸ್ಪ್ರಿಂಗಿನ ಮೇಲೆ ಇಡಿಸಿದರು. ಹಿಟ್ಟಿನ ಗಿರಣಿಯ ಗೋಡೆ ಮುಟ್ಟಿದ ಹಾಗೆ ಜುಂ ಎಂದಿತು. "ಮಾರಾಯ್ರೇ, ಕೊಡಪಾನ ಸೊಂಟಕ್ಕೆ ಒತ್ತಿ ಹಿಡಿಯೋದಕ್ಕೂ ಕೈ ಚಾಚಿ ಹಿಡಿಯೋದಕ್ಕೂ ವ್ಯತ್ಯಾಸ ಇಲ್ವಾ?" ಅಂದರು ಮೆಕ್ಯಾನಿಕ್. ಬೇರಿಂಗಿನೊಳಗೆ ಗುಂಡುಗಳ ಸಾಲು ಎರಡು. ಭಾರ ಎರಡಕ್ಕೂ ಹಂಚಿಕೆಯಾಗುವ ಹಾಗೆ ಕಂಪನಿ ಚಕ್ರ ಕೂರಿಸಿರುತ್ತದೆ. ಚಕ್ರ ಹೊರಗೆ ಬಂದಷ್ಟೂ ಹಬ್ಬನ್ನು ಓರೆಗೆ ಎಳೆಯುವ ಬಲ ಹೆಚ್ಚುತ್ತದೆ, ಒಂದು ಸಾಲೇ ಜಾಸ್ತಿ ಸವೆಯುತ್ತದೆ.

ಎಲ್ಲ ತಪ್ಪನ್ನೂ ಅಲಾಯ್ ತಲೆಗೆ ಕಟ್ಟಲಾರೆ. ಬೇರಿಂಗು ಅದಕ್ಕೂ ಮೊದಲೇ 70 ಸಾವಿರ ಕಿ.ಮೀ. ಓಡಿತ್ತು. ನಮ್ಮ ಮಳೆಗಾಲದಲ್ಲಿ ಸೀಲ್ ದಾಟಿ ನೀರು ಹೋಗಿದ್ದರೂ ಆಶ್ಚರ್ಯವಿಲ್ಲ. 10 ಮಿ.ಮೀ. ಒಂದೇ ಅದನ್ನು ತಿಂದು ಹಾಕಿತು ಅಂತ ಮೆಕ್ಯಾನಿಕ್ಕೂ ಹೇಳಲಿಲ್ಲ. ಆದರೂ ಮಜೂರಿ ಸೇರಿ 4,200 ರೂಪಾಯಿ ಕೊಡುವಾಗ ಹೊಟ್ಟೆ ಉರಿಯಿತು.

ಐದಕ್ಕೆ ಮೂರು ಕೊಡ್ತೇನೆ. ಈಗ ಜೂನ್ ಬಂದರೆ ಅಟ್ಟದಿಂದ ಹಳೆ ಕಬ್ಬಿಣದ ರಿಮ್ ಇಳಿಯುತ್ತವೆ, ಅಲಾಯ್ ಗೋಣಿಚೀಲ ಹೊದ್ದು ಮೇಲೆ ಹೋಗುತ್ತವೆ. ದೀಪಾವಳಿಗೆ ವಾಪಸ್. ಮೊನ್ನೆ ತಂಗಿ ಮಗ ಬಂದಿದ್ದ. "ಮಾವ, ಒಂದು ಸ್ಪೇಸರ್ ಹಾಕ್ಸಿ, ಇನ್ನೂ ಸ್ವಲ್ಪ ಹೊರಗೆ ಬರುತ್ತೆ" ಅಂದ. ಕಾರಿನ ಕೀ ಎತ್ತಿ ಒಳಗಿಟ್ಟೆ.